ಕೊಟ್ಟಾರ ಚೌಕಿಯಲ್ಲಿ ಟಯರು ಆರಿಸಿದ್ದು

ಇದಿನಬ್ಬರು ಹೆಬ್ಬೆರಳಿನ ಉಗುರೂರಿ ನೋಡಿದರು,
ಮಾವು ಹಣ್ಣಾಗಿದೆಯೋ ಎಂದು ನೋಡುವ ಹಾಗೆ.
ಉಗುರು ಇಳಿಯಲಿಲ್ಲ.
"ಹಲ್ಲು ಉಂಟು, ಜೀವ ಇಲ್ಲ."

ನಿಜ, ಹಲ್ಲು ಉಂಟು. ನಾಲ್ಕಾಣೆ ನಿಲ್ಲಿಸಿದರೆ
ಕಾಲುಭಾಗ ಮುಳುಗುವಷ್ಟು ಗೀರು ಇನ್ನೂ ಆಳ.
ಅದನ್ನೇ ತೋರಿಸಿ ತೋರಿಸಿ ಮೂರು ವರ್ಷ ದೂಡಿದ್ದೆ.
ಈಗ ಪಕ್ಕೆಯ ಧೂಳನ್ನು ಅವರು ಒದ್ದೆ ಬಟ್ಟೆಯಲ್ಲಿ ಒರೆಸಿದರೆ
ಬಿರುಕುಗಳ ನಡುವೆ, ಪುಟ್ಟ ಚೌಕಟ್ಟಿನೊಳಗೆ, ನಾಲ್ಕಂಕಿ:
ಮೂವತ್ತೆಂಟನೇ ವಾರ, ಹನ್ನೊಂದನೇ ಇಸವಿ.
ಟಯರಿಗೂ ಜಾತಕ ಉಂಟೆಂದು
ಲೋಕಯ್ಯನಿಗೆ ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು.

ಅವನು ಸ್ಟೂಲಿನಲ್ಲಿ, ಆಪರೇಷನ್ ಆದ ಕಾಲು ಚಾಚಿ.
ಕರೆದಿರಲಿಲ್ಲ ನಾನು. ಕಾಟಿಪಳ್ಳದಿಂದ
ಎರಡು ಬಸ್ಸು ಹತ್ತಿಳಿದು ಬಂದಿದ್ದಾನೆ.
ಗಾಡಿಗೆ ಇಪ್ಪತ್ತೊಂದು ವರ್ಷ, ಅದರ ಹಿಂದಿನ ಸೀಟಿನಲ್ಲಿ
ಅವನಿಗೂ ಅಷ್ಟೇ. ಒಮ್ಮೆಯೂ ಹ್ಯಾಂಡಲು ಮುಟ್ಟಿದವನಲ್ಲ.
ಕಣ್ಣೂರು, ಗೋಕರ್ಣ, ಒಮ್ಮೆ ಗೋವಾ ದಾಟಿ ರತ್ನಗಿರಿ,
ದಾರಿಯುದ್ದ ಬೋರ್ಡು ಓದುತ್ತಿದ್ದ, ಗಟ್ಟಿಯಾಗಿ,
ನಾನು ಅಕ್ಷರ ಬಾರದವನೆಂಬಂತೆ:
ಕೋಳಿ ಅಂಗಡಿ. ಹಲ್ಲಿನ ಡಾಕ್ಟರು. ಜಾಗ ಮಾರಾಟಕ್ಕುಂಟು.

ಕೊಕ್ಕೆಯಿಂದ ಎರಡು ನಮೂನೆ ಇಳಿದವು.
ಒಂದು ಗಟ್ಟಿ ರಬ್ಬರು. "ಮೂವತ್ತು ಸಾವಿರ ಓಡ್ತದೆ,
ನೀವು ನಿಂತರೂ ಇದು ನಿಲ್ಲುವುದಿಲ್ಲ."
ಇನ್ನೊಂದು ಮೆತ್ತಗೆ, ಬೆರಳಿಗೆ ಅಂಟುವಂಥದು.
ಬೆಲೆ ಒಂದೂವರೆ ಪಾಲು, ಆಯುಷ್ಯ ಅರ್ಧ.
"ಮಳೆಗೆ ಮಾತ್ರ ಇದೇ. ಬೆಕ್ಕಿನ ಹಾಗೆ ಹಿಡೀತದೆ."

ಲೆಕ್ಕ ಹಾಕಿದೆ. ಕಡ್ಡಿ ಚಕ್ರ, ಟ್ಯೂಬು ಬೇರೆ ಬೇಕು,
ವಿಮೆ ಈ ತಿಂಗಳೇ. ಗಟ್ಟಿಯದು ಸಾಕು
ಅನ್ನುವಷ್ಟರಲ್ಲಿ "ಸಿಪ್ರೀ" ಅಂದ ಲೋಕಯ್ಯ,
ಮಂಡಿಯಿಂದ ಕಣ್ಣೆತ್ತದೆ,
"ಹಿಂದೆ ಕೂತವನಿಗೆ ಬ್ರೇಕಿಲ್ಲ ಮಾರಾಯ."

ಅಷ್ಟೆ.
ಹೆಜಮಾಡಿಯ ಹೆಸರೆತ್ತಲಿಲ್ಲ.
ಬೆಳಗಿನ ಆರು ಗಂಟೆ, ಮುಂದೆ ಹೋದ ಮೀನು ಲಾರಿ,
ಡಾಮರಿನ ಮೇಲೆ ಬಂಗುಡೆ ನೀರಿನ ಜಿಡ್ಡು ಹೊಳೆದದ್ದು,
ಹಿಂದಿನ ಚಕ್ರ ತನ್ನಷ್ಟಕ್ಕೆ ಬೇರೆ ಊರಿಗೆ ಹೊರಟದ್ದು,
ನನ್ನ ಅಂಗೈ ತರಚಿದ್ದು,
ಅವನ ಮಂಡಿ.
ಆಸ್ಪತ್ರೆಯಲ್ಲೂ ಹೇಳಿರಲಿಲ್ಲ. ನೋಡಬಂದವರಿಗೆಲ್ಲ
"ಇಷ್ಟು ವರ್ಷ ನಾವು ತಿಂದೆವು, ಒಂದು ದಿನ ಅವು" ಎಂದು ನಗಿಸಿದ್ದ.

ಮೆತ್ತನೆಯದು ಕೊಡಿ ಅಂದೆ, ಎರಡು.
"ಎದುರಿನದು ಇನ್ನೊಂದು ವರ್ಷ ಬರ್ತದಲ್ಲ?"
ವ್ಯಾಪಾರಿ ಹೇಳಬಾರದ ಮಾತು, ಇದಿನಬ್ಬರು ಹೇಳಿದರು.
ಎರಡೂ, ಅಂದೆ.
ಹೊಸದನ್ನು ತಿರುಗಿಸಿ, ನಾಲ್ಕಂಕಿ ನಾನೇ ಹುಡುಕಿ
ಲೋಕಯ್ಯನ ಮುಂದೆ ಹಿಡಿದೆ. ಓದಿದ.
ಹಳೆಯದನ್ನೂ ಎಳೆದುಕೊಂಡು ಓದಿದ.
ಬೆರಳು ಮಡಿಸಿ ಎಣಿಸಿದ, ಒಂದು ಕೈ ಸಾಲಲಿಲ್ಲ.
"ಇದು ನನಗಿರಲಿ" ಅಂದ.
ಯಾತಕ್ಕೆಂದು ಕೇಳುವ ಧೈರ್ಯ ಬರಲಿಲ್ಲ.

ಗಾಳಿ ತುಂಬುವ ಹುಡುಗ ಪೈಪು ಹಿಡಿದು ಕೇಳಿದ:
"ಸಿಂಗಲ್ಲಾ, ಡಬಲ್ಲಾ?"
ನಾನು ಪರ್ಸಿನಲ್ಲಿ ಚಿಲ್ಲರೆ ಹುಡುಕಿದೆ.
"ಡಬಲ್. ತೊಂಬತ್ತೆರಡು ಕಿಲೋ, ಬರಕೊ"
ಅಂದವನು ಅವನು.

ಹೊಸ ರಬ್ಬರಿನ ಮೇಲೆ ಅಚ್ಚಿನ ಮೇಣ ಉಂಟು,
ನೂರು ಕಿಲೋಮೀಟರು ಜಾಗ್ರತೆ, ತಿರುವಿನಲ್ಲಿ ವಾಲಬೇಡಿ ಎಂದರು.
ವಾಲಲಿಲ್ಲ. ದಿಬ್ಬಣದ ಕಾರಿನ ಹಾಗೆ ಹೊರಟೆವು,
ಹಳೇ ಟಯರು ಅವನ ಹೆಗಲಿಂದ ಅಡ್ಡಕ್ಕೆ, ಜನಿವಾರದಂತೆ,
ಕೈಯೆರಡೂ ಕ್ಯಾರಿಯರಿನ ಕಬ್ಬಿಣಕ್ಕೆ. ಒಂದು ಬೋರ್ಡೂ ಓದಲಿಲ್ಲ.

ಕೂಳೂರು ಸಂಕದ ಮೇಲೆ ಹೊಳೆಯ ಗಾಳಿ ಹೊಡೆಯಿತು.
ಹೆಲ್ಮೆಟ್ಟಿನ ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದು:
"ಮೀನು ಲಾರಿ. ನೀರು ಬಿಡ್ತಾ ಉಂಟು.
ಎಡಕ್ಕಿರು."

ನನಗೂ ಕಾಣುತ್ತಿತ್ತು.
ಕಾಣದವನ ಹಾಗೆ ಕೇಳಿಸಿಕೊಂಡೆ.