ಈಗ, ಆಮೇಲೆ

ಬಂಗಾರಪೇಟೆ ಜಂಕ್ಷನ್ನಿನ ಸಾರ್ಟಿಂಗ್ ಆಫೀಸಿನಲ್ಲಿ
ಮೂವತ್ತೊಂಬತ್ತು ವರ್ಷ ನಿಂತೇ ಓದಿದವನು ನಾನು.
ಓದಿದ್ದು ವಿಳಾಸ ಮಾತ್ರ.
ಒಳಗೇನಿತ್ತೋ, ಇವತ್ತಿಗೂ ಗೊತ್ತಿಲ್ಲ.

ಈಗ ಪಿಂಚಣಿದಾರರ ಸಂಘದ ಕಾರ್ಯದರ್ಶಿ.
ಒಂದು ಬೀರು, ಎರಡು ಬೆಂಚು, ಯಾರೋ ದಾನ ಕೊಟ್ಟ ಕಂಪ್ಯೂಟರು.
ಮೇಲ್ ನೋಡೋದಕ್ಕೆ ಯಾವುದು ಹಾಕಲಿ ತಾತ, ಅಂತ ನಗ್ಮಾ ಕೇಳಿದಾಗ
ಎತ್ತು ಕೊಳ್ಳುವವನಂತೆ ಒಂದೊಂದರ ಹಲ್ಲು ಹಿಡಿದು ನೋಡಿದೆ.
ಒಂದಕ್ಕೆ ತಿಂಗಳ ಬಾಡಿಗೆ.
ಒಂದು, ಪತ್ರಗಳ ನಡುವೆ ಚಿನ್ನದ ಸಾಲದ ಜಾಹೀರಾತು ತೂರಿಸುತ್ತದೆ.
ಇನ್ನೊಂದು ಎಲ್ಲವನ್ನೂ ಮೋಡದಲ್ಲಿ ಇಡುತ್ತದಂತೆ.
ಕೋಲಾರದವರಿಗೆ ಮೋಡ ನಂಬಿ ಅನ್ನಬೇಡಮ್ಮ, ಅಂದೆ.
ಕೊನೆಯದು ಪುಕ್ಕಟೆ, ಮಂಕು ಬೂದು ಬಣ್ಣ,
ಪತ್ರಗಳನ್ನು ಇಳಿಸಿ ಇಲ್ಲೇ, ಈ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುತ್ತದೆ.
ಎಡಗಡೆ ಸಾಲಾಗಿ ಗೂಡುಗಳು.
ಗೂಡು ಕಂಡದ್ದೇ ತಡ, ಬಲಗೈ ತಾನೇ ಎದ್ದಿತು.
ಇದೇ ಇರಲಿ.

ಹೆಸರಿಟ್ಟೆ: ಜೀವನ ಪ್ರಮಾಣ. ಆಸ್ಪತ್ರೆ ಬಿಲ್ಲು. ಬಾಕಿ.
ಬಾಕಿ ಯಾವಾಗಲೂ ದಪ್ಪ.

ಒಂದೂವರೆ ವರ್ಷ ಚೆನ್ನಾಗಿದ್ದೆವು, ಅದೂ ನಾನೂ.

ಒಂದು ಬೆಳಿಗ್ಗೆ ಮೂಲೆಯಲ್ಲೊಂದು ಚೀಟಿ:
ಹೊಸ ಆವೃತ್ತಿ ಸಿದ್ಧವಿದೆ.
ಕೆಳಗೆ ಎರಡೇ ಗುಂಡಿ. ಈಗ. ಆಮೇಲೆ.
ಬೇಡ ಅನ್ನುವ ಗುಂಡಿ ಇಲ್ಲ.
ಬಾಗಿಲಿಗೆ 'ನಾಳೆ ಬಾ' ಬರೆದು ದೆವ್ವ ಸಾಗಹಾಕುವವರಂತೆ
ಹನ್ನೊಂದು ದಿನ 'ಆಮೇಲೆ' ಒತ್ತಿದೆ.
ಹನ್ನೆರಡನೆಯ ದಿನ ಕರೆಂಟು ಹೋಗಿ ಬಂತು.
ದೆವ್ವ ಒಳಗೆ ಕೂತಿತ್ತು.

ಬೂದು ಹೋಗಿ ಬಿಳುಪು. ಗೂಡುಗಳೇ ಇಲ್ಲ.
ಉತ್ತರ ಬರೆಯುವ ಬಾಣ ಇದ್ದ ಜಾಗದಲ್ಲಿ ಕಸದ ಬುಟ್ಟಿ.
ಬೆಂಚಿನ ಮೇಲೆ ಸಲೋಮಿಯಮ್ಮ, ಮಡಿಲಲ್ಲಿ ಫೈಲು,
ಗಂಡನ ಹದಿನಾಲ್ಕು ತಿಂಗಳ ಬಾಕಿ.
ಇವತ್ತು ರಿಮೈಂಡರ್ ಹೋಗಲೇಬೇಕು.
"ಏನಾಯ್ತು ಮುನಿಶಾಮಪ್ಪನೋರೆ?"
"ಸ್ವಲ್ಪ ತಡೀರಿ."

ಆಗ ನೆನಪಾದ ಆರೋಗ್ಯದಾಸು, ನನಗಿಂತ ಮೊದಲಿನವನು.
ಬೌರಿಂಗ್‌ಪೇಟೆ ಅಂತಲೇ ಬರೆದ ಕವರನ್ನೂ,
'ಕೆರೆ ಕೋಡಿ ಹತ್ತಿರ, ಕುಂಟ ಮೇಷ್ಟ್ರ ಅಳಿಯ' ಅಂತಷ್ಟೇ ಇದ್ದ ಕಾರ್ಡನ್ನೂ
ಕತ್ತೆತ್ತದೆ ಎಸೆದು ಸರಿಯಾದ ಗೂಡಿಗೇ ಬೀಳಿಸುತ್ತಿದ್ದ.
ಪಿನ್‌ಕೋಡ್ ಬಂದ ವರ್ಷ,
ಊರಿಗೆ ಹೆಸರಿಲ್ಲವಾ, ಕೈದಿಗೆ ಹಾಕಿದ ಹಾಗೆ ನಂಬರ್ ಯಾಕೆ, ಅಂದ.
ನಾನು ಇಪ್ಪತ್ತರ ಹುಡುಗ.
ಗೂಡುಗಳ ಕೆಳಗೆ ಸೀಮೆಸುಣ್ಣದಲ್ಲಿ ಅಂಕಿ ಗೀಚಿ
ಅವನ ಮುಂದೆ ಬೇಕೆಂದೇ ಸಿಳ್ಳೆ ಹಾಕಿದೆ.
ಮದ್ರಾಸ್ ಮೇಲ್ ಹೋದ ಮೇಲೆ ಒಂದು ರಾತ್ರಿ
ಪಕ್ಕಕ್ಕೆ ಬಂದು, ಬೇರೆಲ್ಲೋ ನೋಡುತ್ತ, ಮೆಲ್ಲಗೆ ಕೇಳಿದ:
"ಮುಳಬಾಗಿಲಿಗೆ ಎಷ್ಟಪ್ಪ, ಕೊನೇ ಎರಡು?"
ಹೇಳಿದೆ.
ಸಿಳ್ಳೆಯ ನಡುವೆ ಹೇಳಿದೆ.

ರಸ್ತೆ ದಾಟಿ ನಗ್ಮಾಳ ಅಂಗಡಿಗೆ ಹೋದೆ.
ಗಿರಾಕಿಗಳಿದ್ದರು. ಜೆರಾಕ್ಸ್ ಮುಗಿಯುವ ತನಕ
ಗೋಡೆಯ ಕ್ಯಾಲೆಂಡರಿನಲ್ಲಿ ಹೋದ ತಿಂಗಳನ್ನು ಓದಿದೆ.
ಆಮೇಲೆ, ಬೇರೆಲ್ಲೋ ನೋಡುತ್ತ, ಮೆಲ್ಲಗೆ.

ಅವಳು ಸಿಳ್ಳೆ ಹಾಕಲಿಲ್ಲ.
ಚಪ್ಪಲಿ ಮೆಟ್ಟಿ ಜತೆಗೇ ಬಂದಳು.
ಮೂಲೆಯಲ್ಲಿ ಮೂರು ಗೆರೆ, ಪಕ್ಕದಲ್ಲಿ ಸಾಸಿವೆಯಷ್ಟು ಬಾಣ.
ಒತ್ತಿದಳು. ಗೂಡುಗಳು ಒಂದೊಂದಾಗಿ ಇಳಿದವು.
ಬಾಕಿ, ಇನ್ನೂರ ಹನ್ನೆರಡು ಪತ್ರ, ಇದ್ದ ಹಾಗೇ.
"ಮಡಚಿಟ್ಟಿದ್ದಾರೆ ಅಷ್ಟೇ ತಾತ. ಮುಂದಿನ ಸಲ ಈ ಬಾಣಾನೂ ಇಲ್ಲಿರಲ್ಲ."
"ಆಗ?"
"ಆಗ ಕರೀರಿ."

ರಿಮೈಂಡರ್ ಹೋಯಿತು. ಹೋಯಿತೆಂದು ಪೆಟ್ಟಿಗೆ ಸುಯ್ಯೆಂದಿತು.
ಸಲೋಮಿಯಮ್ಮ ಕನ್ನಡಕ ಒರೆಸಿ, ಇನ್ನೊಮ್ಮೆ ನೋಡಿ, ನಂಬದೆ,
"ಯಾವುದಕ್ಕೂ ಒಂದು ಪ್ರಿಂಟೂ ತೆಗೆದುಬಿಡಿ, ರಿಜಿಸ್ಟರ್ ಮಾಡಿಸ್ತೀನಿ.
ಪಿನ್‌ಕೋಡ್ ಮಾತ್ರ ನೆಟ್ಟಗೆ ಬರೀರಿ," ಅಂದಳು.

ರಿಜಿಸ್ಟರ್ ಈಗಿಲ್ಲ, ಸ್ಪೀಡ್ ಪೋಸ್ಟಿಗೇ ಸೇರಿಸಿಬಿಟ್ಟರು
ಅನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ.
ಅದನ್ನು ಕೌಂಟರಿನ ಹುಡುಗ ಹೇಳಲಿ, ಮೆಲ್ಲಗೆ.
ಆರು ಚೌಕ ಗೀಚಿ
ಒಂದೊಂದರಲ್ಲಿ ಒಂದೊಂದು ಅಂಕಿ ಬರೆಯುತ್ತ ಕೂತೆ.