ಕೂತ್ಕೋ ಅನ್ನುವ ಬಣ್ಣ

ಹಿದ್ದ್‌ನ ಡ್ರೈಡಾಕಿನಲ್ಲಿ ಇಪ್ಪತ್ತೆರಡು ವರ್ಷ
ನಾನು ಬಳಿದದ್ದು ಒಂದೇ ಮಾತು: ಇಲ್ಲಿ ಕೂರಬೇಡ.
ಕೆಂಪು ಬಣ್ಣ, ತಾಮ್ರದ ವಿಷ ಬೆರೆಸಿದ್ದು.
ಹಡಗಿನ ಹೊಟ್ಟೆಗೆ ಹೊಡೆದರೆ
ಪಾಚಿ ಬಾರದು, ಚಿಪ್ಪು ಕಚ್ಚದು,
ಕಡಲಿನ ಯಾವ ಬಡಪಾಯಿಯೂ
ಬಾಡಿಗೆಗೆ ಬಂದು ನಿಲ್ಲದು.

ಗಂಗೊಳ್ಳಿಯ ಹೊಯಿಗೆಯಲ್ಲಿ ಅಪ್ಪ ದೋಣಿ ಮಗುಚಿ
ಗೇರೆಣ್ಣೆ ತಿಕ್ಕುತ್ತಿದ್ದದ್ದೂ ಇದಕ್ಕೇ.
ಮನೆತನದ ಕಸುಬು ಅನ್ನಿ,
ಅಂಟಲು ಬಂದವರನ್ನು ಜಾರಿಸುವುದು.

ಜೂನ್ ಕೊನೆಯ ವಾರ ಹಲಗೆಯೇ ಜಾರಿತು.
ಅಟ್ಟಣಿಗೆಯಿಂದ ಬಿದ್ದವನ ಸೊಂಟದ ಗುಂಡು
ಗೆರಟೆಯ ಹಾಗೆ ಎರಡು ಹೋಳು.

ಡಾಕ್ಟರ್ ಬುದೂರ್, ಮುಹರ್ರಕ್‌ನವಳು,
ಮಂಚದ ಅಂಚಿಗೆ ಕೂತು ಡಬ್ಬಿ ತೆರೆದಳು.
ಬೂದು ಲೋಹದ ಒಂದು ಗೂಟ,
ಮೇಲರ್ಧಕ್ಕೆ ಮಾತ್ರ ಸುಣ್ಣದಂಥ ಬಿಳುಪು.
ಅರೆಬರೆ ಹಿಂದಿಯಲ್ಲಿ ಹೇಳಿದಳು:
ಇದು ಎಲುಬಿನದೇ ಉಪ್ಪು, ಶೀನಾ.
ಮೊದಲು ಲೋಹಕ್ಕೆ ಮರಳೂದಿ ಒರಟು ಮಾಡ್ತಾರೆ,
ಆಮೇಲೆ ಈ ಪುಡಿಯನ್ನು
ಬೆಂಕಿಯ ಬಾಯಿಂದ ಅದರ ಮೇಲೆ ಉಗುಳಿಸ್ತಾರೆ.
ಸಿಮೆಂಟಿಲ್ಲ, ಅಂಟಿಲ್ಲ.
ನಿನ್ನ ಎಲುಬು ಬರ್ತದೆ, ಮೂಸಿ ನೋಡ್ತದೆ,
ನಮ್ಮವನೇ ಅಂದುಕೊಂಡು ಕೂತು ಬೆಳೀತದೆ.

ಎಷ್ಟು ಮೈಕ್ರಾನ್? ಎಂದೆ.
ಅವಳಿಗೆ ನಗು. ಯಾವ ರೋಗಿಯೂ
ಇದುವರೆಗೆ ಕೇಳಿಲ್ಲವಂತೆ.
ನೂರರ ಹತ್ತಿರ, ಅಂದಳು.
ತೆಳುವಾಯ್ತು, ಅಂದೆ. ನಮ್ಮಲ್ಲಾದರೆ
ಇನ್‌ಸ್ಪೆಕ್ಟರ್ ಪಾಸು ಮಾಡುವುದಿಲ್ಲ.

ಪಕ್ಕದ ಮಂಚದ ಮುದುಕ, ಬೂ ರಾಶಿದ್.
ಅವನ ಅಜ್ಜ ಮುತ್ತಿಗಾಗಿ ಮುಳುಗುತ್ತಿದ್ದವನು.
ಮುತ್ತೂ ಹೀಗೇ, ಅಂದ, ಬಳಿದು ಬಳಿದು ಆದದ್ದು.
ಇಲ್ಲ ಹಾಜಿ, ಅದು ನನ್ನ ಕೆಂಪು ಬಣ್ಣದ ಜಾತಿ.
ಒಳಗೆ ಬಂದವನ ಸುತ್ತ ಗೋಡೆ ಕಟ್ಟಿ
ಗೋಡೆಗೆ ಹೊಳಪು ಕೊಟ್ಟಿದ್ದು.
ತುಂಬ ಹೊತ್ತು ಅವನು ಮಾತಾಡಲಿಲ್ಲ.
ಆಮೇಲೆ ಖರ್ಜೂರದ ಡಬ್ಬಿಯನ್ನು
ನನ್ನ ಕಡೆಗೆ ನೂಕಿದ.

ಆರು ವಾರ ಭಾರ ಬಿಟ್ಟು ಕಾಲೂರುವ ಹಾಗಿಲ್ಲ.
ರಾತ್ರಿ ಏಸಿಯ ಗುಂಯ್‌ಗುಡುವಿಕೆಯ ಕೆಳಗೆ
ಕಿವಿ ಒಳಕ್ಕೆ ತಿರುಗಿಸಿ ಮಲಗುತ್ತಿದ್ದೆ,
ಯಾರಾದರೂ ಬಂದರೋ ಎಂದು.
ಬಂದದ್ದು ಹೆಂಡತಿಯ ಫೋನು:
ಕಬ್ಣ ಹಾಕಿರಂಬ್ರಲೆ, ತುಕ್ಕ್ ಹಿಡಿಯೂದಿಲ್ಯಾ?

ಮೂರನೇ ತಿಂಗಳ ಎಕ್ಸ್‌ರೇಯಲ್ಲಿ
ಗೂಟದ ಮಗ್ಗುಲಿಗೆ ಮಂಜಿನಂಥದ್ದು.
ಬುದೂರ್ ಪೆನ್ನಿನ ತುದಿ ಇಟ್ಟಳು: ನೋಡು, ಬಂದಿದೆ.
ಹಡಗಿನ ಮೈಮೇಲೆ ಇಂಥದ್ದು ಕಂಡಿದ್ದರೆ
ಉಳಿ ಹಿಡಿದು ಓಡುತ್ತಿದ್ದೆ.
ಇಲ್ಲಿ ಕಣ್ಣೊರೆಸಿಕೊಂಡೆ, ಬೆವರು ಎಂಬ ನೆಪದಲ್ಲಿ,
ಆ ತಣ್ಣನೆ ಕೋಣೆಯಲ್ಲಿ.

ಈಗ ನನ್ನನ್ನು ಏಣಿ ಹತ್ತಿಸುವುದಿಲ್ಲ.
ಕೆಳಗೇ ನಿಂತು ಬಣ್ಣದ ದಪ್ಪ ಅಳೆಯುವ ಕೆಲಸ.
ಬಳಿಯದೆ ತಪ್ಪಿಹೋದ ಜಾಗಕ್ಕೆ ಡಾಕಿನಲ್ಲಿ
ಹಾಲಿಡೇ ಅನ್ನುತ್ತಾರೆ.
ಅಂಗೈಯಗಲ ಇದ್ದರೆ ಸಾಕು,
ಜೀವ ಹುಡುಕಿಕೊಂಡು ಬಂದು ಅಲ್ಲೇ ಹಿಡಿಯುತ್ತದೆ.
ನಿನ್ನೆ ಒಂದು ಟ್ಯಾಂಕರಿನ ಅಡಿಯಲ್ಲಿ ಅಂಥ ರಜೆ:
ಒಂಬತ್ತು ಚಿಪ್ಪು, ಇನ್ನೂ ಒದ್ದೆ.
ಯಾರ ಕೈ ತಪ್ಪೋ. ಹಳೆಯ ರಿಜಿಸ್ಟರ್ ತೆಗೆದರೆ
ನನ್ನದೇ ಸಹಿ ಸಿಕ್ಕೀತು.

ಕೆರೆದೆ. ಕೆಲಸ ಕೆಲಸವೇ.

ಊಟದ ಹೊತ್ತಿಗೆ, ಯಾರೂ ಇಲ್ಲದಾಗ,
ಮೀಟರಿನ ಮೂತಿಯನ್ನು ಸೊಂಟಕ್ಕೊತ್ತಿ ನೋಡಿದೆ.
ಬರೀ ಗೆರೆ; ಅಂಕಿ ಮೂಡಲಿಲ್ಲ.
ಬಣ್ಣ ಎಲ್ಲಿಗೆ ಮುಗಿಯಿತು, ನಾನು ಎಲ್ಲಿಂದ ಶುರು,
ಅದಕ್ಕೆ ತಿಳಿಯಲಿಲ್ಲ.

ಇನ್ನು ಇದನ್ನು ಕೀಳಬೇಕೆಂದರೆ
ಎಲುಬನ್ನೇ ಒಡೆಯಬೇಕಾಗ್ತದೆ,
ಅಂದಿದ್ದಳು ಬುದೂರ್, ಹೆಮ್ಮೆಯಿಂದ.

ನನ್ನ ವೀಸಾ ಫೆಬ್ರವರಿವರೆಗೆ ಇದೆ.