ಶಿವಮೊಗ್ಗದ ಶ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಝೆರಾಕ್ಸು, ಲ್ಯಾಮಿನೇಶನ್ನು, ಆಟೋ ಪ್ರಚಾರದ ರೆಕಾರ್ಡಿಂಗು,
ಮೂರೂ ನನ್ನವೇ, ಹತ್ತಡಿಗೆ ಎಂಟಡಿಯಲ್ಲಿ.
ತೊಂಬತ್ತೇಳರಲ್ಲಿ ಕೊಂಡ ಸೌಂಡ್ ಕಾರ್ಡಿಗೆ ಹೆಸರಿರಲಿಲ್ಲ.
ಡಬ್ಬಿಯ ಮೇಲೊಂದು ತೋಳ,
ಒಳಗೆ ಅಂಗೈಯಗಲದ ಹಸಿರು ಹಲಗೆ,
ಚೀನೀ ಭಾಷೆಯ ಒಂದು ಹಾಳೆ.
ಅದರಲ್ಲಿ ನನಗೆ ತಿಳಿದದ್ದು ಏಳು ಎಂಬ ಅಂಕಿ ಮಾತ್ರ.

ಆ ಏಳೇ ಪ್ರಿಂಟರಿನದೂ ಆಗಿತ್ತು.
ಒಂದೇ ಸೈಟಿಗೆ ಇಬ್ಬರ ಖಾತೆ.
ಅತ್ತ ಬಿಲ್ಲು ಹೊಡೆಯಲು ಹೋದರೆ ಇತ್ತ ಮಾತು ಸಿಕ್ಕಿಕೊಳ್ಳುತ್ತಿತ್ತು:
ನಾಳೆ ಬೆಳಿಗ್ಗೆ ನಗರದಲ್ಲಿ ನೀರು ನೀರು ನೀರು ನೀರು
ಸ್ವಿಚ್ಚು ಕೀಳುವ ತನಕ.
'ಬರುವುದಿಲ್ಲ' ಎಂಬುದು ಒಳಗೇ ಉಳಿಯುತ್ತಿತ್ತು.
ಕೊಡ ಹಿಡಿದವಳೊಬ್ಬಳು ಬಾಗಿಲಲ್ಲಿ ನಿಂತು
ಎಲ್ಲಿ ಅಣ್ಣಾ, ಅಂದಿದ್ದಳು.

ಎಡ ಬಲ ಅದಲುಬದಲು.
ಇರಲಿ, ಆಟೋ ತಲೆಮೇಲಿನ ಹಾರ್ನಿಗೆ ಇರುವುದೇ ಒಂದು ಬಾಯಿ.
ಮೌಸು ಸರಿಸಿದರೆ ಸ್ಪೀಕರಿನಲ್ಲಿ ಜೀರುಂಡೆ,
ಫೈಲು ತೆರೆದರೆ ಯಾರೋ ಹುರಿಗಡಲೆ ಅಗಿದಂತೆ,
ಪ್ರತಿ ರೆಕಾರ್ಡಿಂಗಿನ ಮೊದಲಿಗೆ ಒಂದು ಟಕ್.
ಬೀದಿನಾಯಿಗಳು ಆ ಟಕ್ಕಿಗೇ ಕಿವಿ ನಿಮಿರಿಸುತ್ತವೆ
ಎನ್ನುತ್ತಿದ್ದ ಆಟೋ ಹಾಲೇಶಿ.
ಅವನು ಹೇಳಿದ್ದನ್ನೆಲ್ಲ ನಂಬಬೇಕಿಲ್ಲ.

ಇನ್ನು ಆ ಗುಂಯ್.
ಪಕ್ಕದ ವೆಲ್ಡಿಂಗಿನವನು ಕಿಡಿ ಹಾರಿಸಿದರೆ ಗುರ್.
ಅರ್ಥಿಂಗ್ ಸರಿಯಿಲ್ಲ ಮಾರಾಯ, ಎಂದ ಲೈನ್‌ಮ್ಯಾನ್,
ಹಿಂದೆ ಗುಂಡಿ ತೋಡು, ಉಪ್ಪು, ಇದ್ದಿಲು, ತಾಮ್ರದ ಪಟ್ಟಿ,
ದಿನಾ ಒಂದು ಕೊಡ ನೀರು ಹೊಯ್ಯಿ.
ಹೊಯ್ದೆ, ಇಳಿಯಿತು.
ನಲ್ಲಿ ನಿಂತ ವಾರ ಮತ್ತೆ ಏರಿತು.
ಹಾಗಾಗಿ ನೀರಿಲ್ಲ ಎಂಬ ಪ್ರಕಟಣೆಗಳಲ್ಲೇ
ಗುಂಯ್ ಜಾಸ್ತಿ.

ಓದುತ್ತಿದ್ದವರು ಶಾಹಿದಾ ಟೀಚರ್, ನಿವೃತ್ತರು.
ಮೈಕಿಗೆ ಒಂದು ಗೇಣು ದೂರ, ಬೆನ್ನು ನೆಟ್ಟಗೆ.
ಅವರ ಬಾಯಲ್ಲಿ ಶಂಖದ ಶ ಬೇರೆ, ಸರದ ಸ ಬೇರೆ,
ಹೊಟ್ಟೆ ಸೀಳಿದ ಷ ಮತ್ತೂ ಬೇರೆ.
ನನ್ನ ನಾಲಿಗೆಗೆ ಮೂರೂ ಒಂದೇ.
ಕಾರ್ಡೂ ನನ್ನ ಜಾತಿಯದ್ದೇ.
ಜಾಗ ಉಳಿಸಲು ಎಂಟು ಬಿಟ್ಟಿಗೆ ಇಳಿಸಿದ ದಿನ
ಗಾಂಧಿ ಬಜಾರಿನುದ್ದಕ್ಕೂ ಫೀರೆ ಫೇಲ್, ಫೀರೆ ಫೇಲ್.
ಸೀರೆ ಅಂಗಡಿಯವರು ಇವತ್ತಿಗೂ ದುಡ್ಡು ಕೊಟ್ಟಿಲ್ಲ.

ಆಮೇಲೆ ಟೀಚರಿಗೆ ಗಂಟಲಿನ ಆಪರೇಶನ್ ಆಯಿತು.
ನಗರಸಭೆಯವರಿಗೆ ಅದೇ ದನಿ ಬೇಕು.
ಹಳೇ ಕ್ಯಾಸೆಟ್ಟು, ಹೊಸ ಕಾರ್ಡು,
ಗುಂಯ್ ಅಳಿಸುವುದಕ್ಕೊಂದು ಸಾಫ್ಟ್‌ವೇರು.
ಮಾತಿಲ್ಲದ ಎರಡು ಸೆಕೆಂಡು ತೋರಿಸಿ
ಇದು ಕಸ ಅಂತ ಕಲಿಸಬೇಕು,
ಉಳಿದದ್ದನ್ನು ಅದೇ ಗುಡಿಸುತ್ತದೆ.
ಗುಡಿಸಿತು. ಹೆಡ್‌ಫೋನಿನಲ್ಲಿ ಗಾಳಿಯೂ ಇಲ್ಲ.
ಆ ಖಾಲಿಯೊಳಗೆ ಟೀಚರ್ ಸ್ಪಷ್ಟವಾಗಿ ಹೇಳಿದರು:
ಇವಮೊಗ್ಗ ನಗರದ ಆರ್ವಜನಿಕರಲ್ಲಿ ಮನವಿ.

ಉಸ್ ಎನ್ನುವುದೆಲ್ಲ ಕಸ ಎಂದು ಕಲಿಸಿದ್ದೆ.
ಶ ಉಸ್ಸಲ್ಲದೆ ಮತ್ತೇನು?

ಸಂಜೆ ಬಂದರು, ಕುತ್ತಿಗೆಗೆ ದುಪಟ್ಟಾ ಸುತ್ತಿ.
ಕೇಳಿ ನಕ್ಕರು, ನಗುವಿಗೂ ದನಿಯಿರಲಿಲ್ಲ.
ತಾವೇ ಮೈಕು ಎಳೆದುಕೊಂಡು
ಪಿಸುಮಾತಿನಲ್ಲಿ ಶಿವಮೊಗ್ಗ ಎಂದರು.
ಪರದೆಯ ಗೆರೆ ಅಲುಗಲೇ ಇಲ್ಲ.
ಫಿಲ್ಟರು ಹಾಕಿಯೇ ಇತ್ತು.
ಅವರಿಗೆ ಉಳಿದದ್ದೆಲ್ಲ ಉಸ್ಸೇ,
ಒಂದಕ್ಷರ ಬಿಡದೆ ಗುಡಿಸಿತ್ತು.

ನನ್ನ ಮುಖ ನೋಡಿ, ಇನ್ನೊಮ್ಮೆ ಹೇಳಲಾ, ಎಂದು ತುಟಿಯಲ್ಲೇ ಕೇಳಿದರು.
ಫಿಲ್ಟರು ತೆಗೆದೆ. ಹೇಳಿದರು.
ರಾತ್ರಿ ಆ ಪಿಸುಮಾತಿನ ಶ ಒಂದನ್ನೇ ಕತ್ತರಿಸಿ
ತೊಂಬತ್ತೆಂಟರ ಇವಮೊಗ್ಗಕ್ಕೆ ಅಂಟಿಸಿದೆ.
ಸೇರಿತು. ಸೇರುವ ಕಡೆ ಒಂದು ಟಕ್.
ಎಷ್ಟು ಉಜ್ಜಿದರೂ ಹೋಗಲಿಲ್ಲ, ಬಿಟ್ಟೆ.

ಬೆಳಿಗ್ಗೆ ಹಾಲೇಶಿಯ ಆಟೋದಲ್ಲಿ ಹೋಗುತ್ತದೆ.
ಅದಕ್ಕೆ ಮುಂಚೆ ಗುಂಡಿಗೆ ಎರಡು ಕೊಡ ಹೊಯ್ದಿಡಬೇಕು,
ನಾಳೆ ನೀರು ಬರುವುದಿಲ್ಲ.